ಪೆದ್ದಪ್ಪನವರ ಹೆಸರಿನ ಮಿಷನ್

ನನ್ನ ರಕ್ತ ತೊಳೆಯುವ ಮಿಷನ್ನಿನ ಮೇಲೆ ಒಂದು ಹಿತ್ತಾಳೆ ತಗಡಿದೆ. ದಿವಂಗತ ಪೆದ್ದಪ್ಪನವರ ಸ್ಮರಣಾರ್ಥ ಅಂತ ಅದರಲ್ಲಿ ಕೆತ್ತಿದ್ದಾರೆ. ಆ ಪೆದ್ದಪ್ಪನವರ ಮಾವಿನ ತೋಪಿಗೆ ನಮ್ಮಪ್ಪ ಕಾವಲಿಗಿದ್ದ. ಬಿದ್ದ ಕಾಯಿ ಮನೆಗೆ ತಂದ ಅಂತ ಒಂದು ಸಲ ಅವನನ್ನು ಅದೇ ತೋಪಿನ ಮರಕ್ಕೆ ಕಟ್ಟಿ ಹೊಡೆಸಿದ್ದರು. ಈಗ ಮಂಗಳವಾರ, ಶುಕ್ರವಾರ ನಾನು ಆ ಮಿಷನ್ನಿಗೆ ಕೈ ಕೊಟ್ಟು ಮಲಗುತ್ತೇನೆ. ಅಪ್ಪ ಬದುಕಿದ್ದರೆ ಉಗಿಯುತ್ತಿದ್ದ. ಮಿಷನ್ನಿಗೋ ನನಗೋ ಗೊತ್ತಿಲ್ಲ.

ನನ್ನ ಹೆಸರು ಮುನಿಯಲ್ಲಮ್ಮ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹಣ್ಣು ಆರಿಸುವ ಕೂಲಿಯವಳಾಗಿದ್ದೆ. ಮಂಡಿ ಪೆದ್ದಪ್ಪನವರ ಮಗ ಚನ್ನರಾಯಪ್ಪನದು. ಸೀಸನ್ ಬಂತೆಂದರೆ ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ನಿಂತೇ ಇರಬೇಕು. ದಪ್ಪದ್ದು ಒಂದು ಕಡೆ, ಸಣ್ಣದು ಒಂದು ಕಡೆ, ಪೆಟ್ಟು ಬಿದ್ದದ್ದು ಒಂದು ಕಡೆ. ಸೊನೆ ತಾಗಿ ಕೈ ಸುಡುತ್ತದೆ. ಕ್ರೇಟು ಎತ್ತಿ ಎತ್ತಿ ಸೊಂಟ ಬಿದ್ದುಹೋಗುತ್ತದೆ. ಅಲ್ಲಿ ಹೆಂಗಸರು ಉಚ್ಚೆಗೆ ಹೋಗಲು ಜಾಗವಿರಲಿಲ್ಲ. ಕೇಳಿದ್ದಕ್ಕೆ ಮೇಸ್ತ್ರಿ, "ಕಮ್ಮಿ ಕುಡೀರಿ, ಕಮ್ಮಿ ಬರ್ತದೆ" ಅಂದಿದ್ದ. ಹಾಗೇ ಮಾಡಿದೆವು. ಬೇಸಿಗೆಯ ನೆತ್ತಿ ಬಿಸಿಲಲ್ಲಿ ನೀರು ಮುಟ್ಟಲಿಲ್ಲ. ನೋವಿಗೆ ಅಂಗಡಿ ಮಾತ್ರೆ ನುಂಗಿದೆವು. ವರ್ಷಗಟ್ಟಲೆ ನುಂಗಿದೆವು. ಕಾಲು ಊದಿದಾಗ ನಿಂತದ್ದಕ್ಕೆ ಊದಿದೆ ಅಂದುಕೊಂಡೆ. ಮುಖ ಊದಿದಾಗ, "ಏನೇ ಮುನಿಯಲ್ಲಿ, ಮೈ ಬಂದೈತೆ, ಗಂಡ ಚೆನ್ನಾಗಿ ನೋಡ್ಕೊಳ್ತವ್ನಾ" ಅಂತ ಜೊತೆಯವರು ನಕ್ಕರು. ಕೋಲಾರದ ಡಾಕ್ಟರು ಎರಡೂ ಕಿಡ್ನಿ ಹೋಗಿವೆ ಅಂದರು.

ಗಂಡ ನಂಗಲಿಯಲ್ಲಿ ಲಾರಿ ಕೆಲಸ ಇದೆ ಅಂತ ಹೋದವನು ಆಂಧ್ರದ ಗಡಿ ದಾಟಿ ಅಲ್ಲೇ ಇದ್ದಾನೆ. ಫೋನು ಎತ್ತುವುದಿಲ್ಲ. ಮಗಳು ಚಂದನ ಮಾಲೂರಿನ ಕಾರ್ಖಾನೆಯಲ್ಲಿದ್ದಾಳೆ. ರಜೆ ಹಾಕಿದರೆ ಕೆಲಸ ಹೋಗುತ್ತದೆ. ಆದ್ದರಿಂದ ನಾನೊಬ್ಬಳೇ ಬರುತ್ತೇನೆ, ಒಬ್ಬಳೇ ಹೋಗುತ್ತೇನೆ. ಡಯಾಲಿಸಿಸ್ ಆದ ಮೇಲೆ ಕಣ್ಣು ಕತ್ತಲಿಟ್ಟು ಬಸ್‌ಸ್ಟ್ಯಾಂಡಿನಲ್ಲಿ ಕೂತರೆ ಜನ ಕುಡಿದವಳು ಅಂದುಕೊಳ್ಳುತ್ತಾರೆ.

ಕೋಲಾರದ ಊರಾಚೆ ಒಂದು ಟ್ರಸ್ಟಿನವರು ನಡೆಸುವ ಕೇಂದ್ರ ಅದು. ದುಡ್ಡು ತೆಗೆದುಕೊಳ್ಳುವುದಿಲ್ಲ. ದಾನಿಗಳ ಹೆಸರು ಮಾತ್ರ ಮಂಚಕ್ಕೆ, ಫ್ಯಾನಿಗೆ, ಗಡಿಯಾರಕ್ಕೆ ಬರೆದಿದ್ದಾರೆ. ಎಡಗೈಯಲ್ಲಿ ನರ ಕೂಡಿಸಿ ಉಬ್ಬಿಸಿದ ಜಾಗಕ್ಕೆ ಎರಡು ದಪ್ಪ ಸೂಜಿ ಚುಚ್ಚುತ್ತಾರೆ. ಒಂದರಲ್ಲಿ ರಕ್ತ ಹೋಗುತ್ತದೆ, ಇನ್ನೊಂದರಲ್ಲಿ ಬರುತ್ತದೆ. ನಾಲ್ಕು ಗಂಟೆ ಆ ಕೈ ಅಲ್ಲಾಡಬಾರದು. ಕಾಲು ಸೆಟೆದು ಹಿಡಿದುಕೊಂಡರೆ ಕೂಗಬೇಕು, ಸಿಸ್ಟರ್ ಶೋಭಾರಾಣಿ ಬಂದು ತಿಕ್ಕುತ್ತಾಳೆ. ನಮಗೆ ನೀರು ದಿನಕ್ಕೆ ಎರಡು ಲೋಟ. ಮಾವಿನಹಣ್ಣು ವಿಷ. ತಿಂದರೆ ಎದೆ ನಿಂತುಹೋಗುತ್ತದಂತೆ. ಹುಟ್ಟಿದಾಗಿನಿಂದ ಮಾವಿನ ನಡುವೆ ಬದುಕಿದ ನನಗೆ ಈ ಮಾತು ಹೇಳಿದಾಗ ಮಾತ್ರ ಅಳು ಬಂತು.

ಒಂದು ಮಂಗಳವಾರ ಪಕ್ಕದ ಮಂಚಕ್ಕೆ ಒಬ್ಬ ಹುಡುಗಿಯನ್ನು ತಂದು ಮಲಗಿಸಿದರು. ಮಂಡಿ ಚನ್ನರಾಯಪ್ಪನ ಸೊಸೆ ರಜನಿ. ಇನ್ನೂ ಮೂವತ್ತು ದಾಟಿರಲಿಲ್ಲ. ಬಸಿರಿನಲ್ಲಿ ಬಿ.ಪಿ. ಏರಿ ಮಗುವೂ ಹೋಯಿತು, ಕಿಡ್ನಿಯೂ ಹೋಯಿತು. ಅವಳ ಗಂಡ ನಂದೀಶ್ ಕಾರಿನಲ್ಲಿ ತಂದು ಬಿಟ್ಟು, ಎ.ಸಿ. ಹಾಕಿಕೊಂಡು ಕಾರಿನಲ್ಲೇ ಕೂರುತ್ತಿದ್ದ. ಒಳಗೆ ಕಾಲಿಡುತ್ತಿರಲಿಲ್ಲ. ಆಸ್ಪತ್ರೆ ವಾಸನೆ ಅವನಿಗೆ ಆಗುವುದಿಲ್ಲವಂತೆ.

ನಾನು ಯಾರೆಂದು ಅವಳಿಗೆ ಗೊತ್ತಿತ್ತು. ಮೊದಲ ದಿನ ಅವಳ ಫ್ಲಾಸ್ಕು ನನ್ನ ಬಾಟಲಿಗೆ ತಾಗಿಕೊಂಡಿತ್ತು. "ಸಿಸ್ಟರ್, ಅದನ್ನ ಈ ಕಡೆ ಇಡಿ" ಅಂದಳು. ಆಮೇಲೆ ಗೋಡೆ ಕಡೆ ತಿರುಗಿದಳು. ವಾರಗಟ್ಟಲೆ ಹಾಗೇ ಮಲಗಿದಳು. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ವಾಪಸ್ಸು ಹೋಗುತ್ತಿತ್ತು. ಕಣ್ಣೀರು ಕಿವಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ಡಾಕ್ಟರು ಕೇಳಿದರೆ, "ಏನಿಲ್ಲ ಸಾರ್, ಚೆನ್ನಾಗಿದೀನಿ" ಅನ್ನುತ್ತಿದ್ದಳು.

ನರ್ಸಿಂಗ್ ಕಾಲೇಜಿನ ಹುಡುಗಿಯೊಬ್ಬಳು ಒಂದು ದಿನ ಸರ್ವೆಗೆ ಬಂದಳು. ಮಂಚದಿಂದ ಮಂಚಕ್ಕೆ ಅದೇ ಪ್ರಶ್ನೆ. ಬೇಜಾರಾಗುತ್ತಾ, ಸಾಯಬೇಕು ಅನ್ಸುತ್ತಾ, ಮನೆಯವರ ಆಸರೆ ಇದೆಯಾ. ಯಾವಾಗಲೂ, ಆಗಾಗ, ಇಲ್ಲವೇ ಇಲ್ಲ, ಮೂರರಲ್ಲಿ ಒಂದು ಹೇಳಬೇಕು. ರಜನಿ ಗೋಡೆಗೆ ಮುಖ ಮಾಡಿಕೊಂಡೇ, "ಯಾವಾಗಲೂ" ಅಂದಳು. ಆ ಹುಡುಗಿ ನನ್ನ ಕಡೆ ತಿರುಗಿದಳು.

"ಅಮ್ಮಾ, ನಿಮಗೆ ಯಾರ ಆಸರೆ?"

"ನಮ್ಮನೆ ಗೋಡೆದು."

"ಗೋಡೆದಾ?"

"ಹೂ. ತಲೆ ತಿರುಗಿದಾಗ ಅದನ್ನೇ ಹಿಡ್ಕೊಳ್ಳೋದು. ಅದಕ್ಕೂ ಆಗಾಗ ಅಂತ ಬರ್ಕೋ. ಮಳೆ ಬಂದ್ರೆ ಅದೂ ಬೀಳ್ತದೆ."

ಗೋಡೆ ಕಡೆಯಿಂದ ಒಂದು ಸದ್ದು ಬಂತು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. ಸೂಜಿಯ ಕೈ ಅಲ್ಲಾಡಿ ಮಿಷನ್ನು ಕೂಗಿಕೊಂಡಿತು. ಶೋಭಾರಾಣಿ ಓಡಿ ಬಂದು ಇಬ್ಬರನ್ನೂ ಬೈದಳು.

ಅವತ್ತಿನಿಂದ ರಜನಿ ಈ ಕಡೆ ತಿರುಗಿ ಮಲಗಿದಳು. ಅವಳ ತವರು ಆಂಧ್ರದ ಗಡಿ ಕಡೆಯ ಬೈರಕೂರು. ಅವಳು ಮನಸ್ಸಿನ ಮಾತಿಗೆ ಬಂದರೆ ತೆಲುಗಿಗೆ ಹೊರಳುತ್ತಿದ್ದಳು. ನಾನೂ ಹಾಗೇ. ಮೊದಲು "ಏನಮ್ಮಾ" ಅನ್ನುತ್ತಿದ್ದವಳು "ಅಕ್ಕಾ" ಅನ್ನತೊಡಗಿದಳು. ನಾನು ಮಾತ್ರ "ನೀವು" ಬಿಡಲಿಲ್ಲ. ನನ್ನ ನಾಲಿಗೆಗೆ ಬೇರೆ ಅಭ್ಯಾಸವಿರಲಿಲ್ಲ.

"ಅಕ್ಕಾ, ಮನೇಲಿ ನನಗೆ ಬೇರೆ ತಟ್ಟೆ ಇಟ್ಟಿದಾರೆ. ಬೇರೆ ಲೋಟ."

"ಹೌದಾ."

"ಅಡುಗೆಮನೆಗೆ ಹೋಗಬಾರದು. ನೀರು ಬೇಕಂದ್ರೆ ಬಾಗಿಲಲ್ಲಿ ನಿಂತು ಕೇಳ್ಬೇಕು. ಅತ್ತೆ ಮೇಲಿಂದ ಹುಯ್ತಾರೆ."

ಒಳಗೆ ನನಗೆ ಖುಷಿಯಾಯಿತು. ಅದೇ ಮನೆಯ ಹಿತ್ತಲಲ್ಲಿ ಬೊಗಸೆ ಒಡ್ಡಿ ನಾನು ನೀರು ಕುಡಿದಿದ್ದೇನೆ. ಅದೇ ಹೆಂಗಸು ಮೇಲಿಂದ ಹುಯ್ದಿದ್ದಾಳೆ. ಈಗ ನಿನಗೂ ಗೊತ್ತಾಯಿತಲ್ಲ ಅಂತ ಅನ್ನಿಸಿತು. ಆ ಹುಡುಗಿ ತುಟಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಖುಷಿ ಬಹಳ ಹೊತ್ತು ಉಳಿಯಲಿಲ್ಲ.

ಇನ್ನೂ ಒಂದಿತ್ತು. ಸಾವಿನ ಮನೆಗೆ ಹೋಗಿ ಬಂದವರು ಹೊಸಿಲು ದಾಟುವ ಮೊದಲು ತಲೆ ಮೇಲೆ ನೀರು ಹುಯ್ದುಕೊಳ್ಳುತ್ತಾರೆ. ಅವಳ ಅತ್ತೆ ಭಾರತಮ್ಮ ಡಯಾಲಿಸಿಸ್ಸಿನಿಂದ ಬಂದ ಸೊಸೆಗೆ ಅದನ್ನೇ ಮಾಡಿಸುತ್ತಿದ್ದಳು. ಮೈಯಿಂದ ಆಚೆ ಹೋದ ರಕ್ತ ಮೈಲಿಗೆ, ಅದು ತಿರುಗಿ ಒಳಗೆ ಬಂದರೆ ಮೈಯೆಲ್ಲ ಮೈಲಿಗೆ. ಅವಳ ಲೆಕ್ಕ ಅದು. ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ ಬಿಂದಿಗೆ ಬಿಂದಿಗೆ ತಣ್ಣೀರು. ಸೂಜಿ ತೆಗೆದ ಜಾಗದ ಪಟ್ಟಿ ನೆನೆದು ತೊಪ್ಪೆಯಾಗುತ್ತಿತ್ತು. ಎರಡು ಸಲ ಕೈ ಕೀವಾಗಿ ಜ್ವರ ಬಂತು. ಡಾಕ್ಟರು ಹೇಗಾಯಿತು ಅಂತ ಕೇಳಿದರು. "ಬೆವರಿತ್ತು ಸಾರ್" ಅಂದಳು.

"ಯಾಕೆ ಹೇಳಲ್ಲ ನೀವು?" ಅಂದೆ.

"ಹೇಳಿದ್ರೆ ಎಲ್ಲಿಗೆ ಹೋಗ್ಲಿ ಅಕ್ಕಾ? ತವರಲ್ಲಿ ನಮ್ಮಮ್ಮ ಕಿಡ್ನಿ ಕೊಡ್ತೀನಿ ಅಂದ್ಲು. ಶುಗರ್ ಇದೆ, ಆಗಲ್ಲ ಅಂದ್ರು. ಈ ಮನೇಲಿ ಯಾರೂ ಟೆಸ್ಟಿಗೂ ಹೋಗಲಿಲ್ಲ. ಮುಳಬಾಗಿಲ ಕಡೆ ಒಂದು ಹೆಣ್ಣು ನೋಡ್ಕೊಂಡು ಬಂದಿದಾರೆ, ಅವರಿಗೆ. ನನ್ನ ಮುಂದೇನೇ ಫೋಟೋ ನೋಡ್ತಿದ್ರು."

"ನೀವಿನ್ನೂ ಬದುಕಿದೀರಲ್ಲ!"

"ಅದೇ ಅವರಿಗೂ ಕಷ್ಟ ಆಗಿರೋದು" ಅಂದಳು ರಜನಿ. ಇಬ್ಬರೂ ನಕ್ಕೆವು. ಬೇರೆ ಏನು ಮಾಡಬೇಕೋ ಗೊತ್ತಾಗಲಿಲ್ಲ.

ಅವಳು ಊಟ ಮಾಡತೊಡಗಿದಳು. ನಾನು ಮಂಡಿಯ ಕಥೆ ಹೇಳುತ್ತಿದ್ದೆ. ಅವಳ ಮಾವ ಹಣ್ಣಿನ ರೇಟು ಹೇಳುವಾಗ ಮೂಗು ಕೆರೆದುಕೊಳ್ಳುವುದನ್ನು ಮಾಡಿ ತೋರಿಸುತ್ತಿದ್ದೆ. ಅವಳು ಮಂಚ ಅಲ್ಲಾಡುವಂತೆ ನಗುತ್ತಿದ್ದಳು. ನನ್ನ ಕಾಲು ಸೆಟೆದರೆ ನನಗಿಂತ ಮೊದಲು ಅವಳೇ ಸಿಸ್ಟರನ್ನು ಕೂಗುತ್ತಿದ್ದಳು. ವಾರದಲ್ಲಿ ಎರಡು ದಿನ ನನಗೊಬ್ಬರು ಇದ್ದರು. ಉಳಿದ ದಿನ ಅದನ್ನು ನೆನೆಸಿಕೊಂಡು ಕಳೆಯುತ್ತಿದ್ದೆ.

ಸಾಯಬೇಕಾದ ಸೊಸೆಯ ಮುಖ ತುಂಬಿಕೊಂಡರೆ ಯಾವ ಅತ್ತೆ ಸುಮ್ಮನಿರುತ್ತಾಳೆ? ಭಾರತಮ್ಮ ಒಂದು ಶುಕ್ರವಾರ ತಾನೇ ಬಂದಳು. ನಾವು ಏನಕ್ಕೋ ನಗುತ್ತಿದ್ದೆವು. ಬಾಗಿಲಲ್ಲೇ ನಿಂತಳು. ನನ್ನನ್ನು ನೋಡಿದಳು. ನನ್ನ ಹಿಂದಿದ್ದ ತಗಡು ನೋಡಿದಳು. ಪೈಪಿನಲ್ಲಿ ಸುತ್ತುತ್ತಿದ್ದ ನನ್ನ ರಕ್ತ ನೋಡಿದಳು.

"ಇವಳು ನಮ್ಮ ಮಂಡಿ ಮುನಿಯಲ್ಲಿ ಅಲ್ವಾ? ನಮ್ಮ ಮಾವನೋರ ಮಿಷನ್ ಮೇಲೆ ಇವಳನ್ನ ಹಾಕಿದೀರಾ?"

ಕೇಂದ್ರ ನೋಡಿಕೊಳ್ಳುವ ಚಂದ್ರಮೋಹನ್ ಓಡಿ ಬಂದ. "ಪೇಷೆಂಟ್ ಅಮ್ಮಾ. ಇಲ್ಲಿ ಎಲ್ಲಾರೂ ಪೇಷೆಂಟೇ."

"ನಮ್ಮ ಹುಡುಗೀನೂ ಇದಕ್ಕೆ ಹಾಕ್ತೀರಾ?"

"ಅವರ ಮಿಷನ್ ಕೆಟ್ಟಾಗ ಒಂದೊಂದು ಸಲ..."

"ಅಂದ್ರೆ ಇವಳ ರಕ್ತ ಹೋದ ದಾರೀಲಿ ನಮ್ಮನೆ ರಕ್ತ ಹೋಗ್ತದೆ? ಅದು ತಿರುಗಿ ಬಂದು ನಮ್ಮನೇಲಿ ಕೂತ್ಕೊಳ್ತದೆ?"

ರಜನಿ ಕಣ್ಣು ಮುಚ್ಚಿಕೊಂಡಳು. ಚಂದ್ರಮೋಹನ್ ಭಾರತಮ್ಮನನ್ನು ತನ್ನ ರೂಮಿಗೆ ಕರೆದುಕೊಂಡು ಹೋದ. ನನ್ನ ಡಯಾಲಿಸಿಸ್ ಮುಗಿದ ಮೇಲೆ ನನ್ನನ್ನೂ ಕರೆದ. ಕೂರಲು ಹೇಳಲಿಲ್ಲ.

"ಮುನಿಯಲ್ಲಮ್ಮ, ನಿಮ್ಮನ್ನ ಮೊದಲನೇ ಶಿಫ್ಟಿಗೆ ಹಾಕಿದೀವಿ. ಬೆಳಗಿನ ಜಾವ ಐದಕ್ಕೆ."

"ನಮ್ಮೂರಿಂದ ಮೊದಲನೇ ಬಸ್ಸೇ ಏಳಕ್ಕೆ ಸಾರ್."

"ಹಿಂದಿನ ಸಂಜೆ ಬಂದು ವರಾಂಡದಲ್ಲಿ ಮಲಗಿ."

"ನಾಯಿ ಮಲಗ್ತವೆ ಅಲ್ಲಿ."

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಮ್ಮಾ."

"ಸಾರ್, ನಮ್ಮ ರಕ್ತ ಅವರಿಗೆ ಸೇರ್ತದಾ?"

ಅವನಿಗೆ ಸಿಟ್ಟು ಬಂತು. "ಸೇರಲ್ಲ. ನಿಮ್ಮ ಫಿಲ್ಟರು ನಿಮಗೇ, ನಿಮ್ಮ ಪೈಪು ನಿಮಗೇ. ನನಗೆ ಗೊತ್ತಿಲ್ವಾ? ಆದ್ರೆ ಅವರು ಇನ್ನೊಂದು ಮಿಷನ್ ಕೊಡಿಸ್ತೀವಿ ಅಂದಿದಾರೆ. ಒಂದು ಮಿಷನ್ ಅಂದ್ರೆ ಎಷ್ಟು ಜನಕ್ಕೆ ಜೀವ, ನೀವೇ ಯೋಚನೆ ಮಾಡಿ."

ಭಾರತಮ್ಮನಿಗೆ ಗೊತ್ತಿರಲಿಲ್ಲ. ಇವನಿಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ. ನನಗೆ ಇವನ ಮೇಲೆ ಬಂದ ಸಿಟ್ಟು ಅವಳ ಮೇಲೆ ಬರಲಿಲ್ಲ.

ಮಂಗಳವಾರ ಕೋಲಾರಕ್ಕೆ ಹೋಗುವ ಟೊಮೆಟೊ ಟೆಂಪೋದವನ ಕಾಲು ಹಿಡಿದೆ. ಕ್ರೇಟುಗಳ ಮೇಲೆ ಕೂತು ಬಂದೆ. ಅವನು ದಾರಿಯಲ್ಲಿ ಇನ್ನೂ ಎರಡು ಕಡೆ ಸರಕು ತುಂಬಿಕೊಂಡ. ನಾನು ಬರುವಷ್ಟರಲ್ಲಿ ನನ್ನ ಹೊತ್ತು ದಾಟಿತ್ತು. ಮಿಷನ್ನು ಇನ್ನೊಬ್ಬರಿಗೆ ಹಾಕಿದ್ದರು. ಶುಕ್ರವಾರ ಬೇಗ ಬನ್ನಿ ಅಂದರು. ಶುಕ್ರವಾರ ಟೆಂಪೋ ಹೊರಡಲೇ ಇಲ್ಲ.

ಮೈಯಲ್ಲಿ ನೀರು ನಿಂತಿತು. ಕಾಲಿನ ಮೇಲೆ ಬೆರಳು ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಮಲಗಿದರೆ ಮುಳುಗಿದ ಹಾಗೆ. ಕೂತೇ ಇದ್ದೆ. ಬಾಯಿಗೆ ಕಬ್ಬಿಣದ ರುಚಿ. ಮೈ ಕೆರೆದು ಕೆರೆದು ರಕ್ತ. ಚಂದನ ಫೋನು ಮಾಡಿದರೆ "ಚೆನ್ನಾಗಿದೀನಿ" ಅಂದೆ. ಅಂದ ಮೇಲೆ ರಜನಿ ನೆನಪಾದಳು. ಅವಳೂ ಇದೇ ದನಿಯಲ್ಲಿ ಇದೇ ಮಾತು ಹೇಳುತ್ತಿದ್ದಳು. ಇಷ್ಟಕ್ಕೆ ಯಾಕೆ ಇಷ್ಟು ಕಷ್ಟಪಡಬೇಕು, ಒಂದು ಮಾವಿನಹಣ್ಣು ತಿಂದರೆ ಮುಗಿಯಿತಲ್ಲ ಅಂತ ನನಗೂ ಅನ್ನಿಸಿತು. ಬೀದಿಯಲ್ಲಿ ತಳ್ಳುಗಾಡಿಯವನು ಬಾದಾಮಿ ಮಾವು ಕೂಗಿಕೊಂಡು ಹೋದ. ನಾನು ಹೊಸಿಲವರೆಗೆ ಹೋದೆ. ಅಲ್ಲಿ ನಿಂತಾಗ ಸಿಟ್ಟು ಬಂತು. ಅವರ ತೋಪಿನ ಹಣ್ಣಿಗೆ ಅಪ್ಪನನ್ನು ಕಟ್ಟಿ ಹಾಕಿದ್ದರು. ಅವರ ಹಣ್ಣು ಆರಿಸಿ ನನ್ನ ಕಿಡ್ನಿ ಹೋಯಿತು. ಈಗ ಅದೇ ಹಣ್ಣು ತಿಂದು ನಾನೇ ಸತ್ತು ಅವರ ಮಿಷನ್ನು ಖಾಲಿ ಮಾಡಿಕೊಡಬೇಕಾ? ಬಾಗಿಲು ಹಾಕಿದೆ.

ಮಂಗಳವಾರ ನನ್ನ ಹಳೇ ಹೊತ್ತಿಗೇ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನಿಂದ ಕೇಂದ್ರಕ್ಕೆ ನಡೆಯುವಾಗ ಮೂರು ಕಡೆ ಕೂತೆ.

ಒಳಗೆ ರಜನಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಸೂಜಿ ಹಾಕಿಯಾಗಿತ್ತು. ಕೆನ್ನೆ ಒಳಕ್ಕೆ ಹೋಗಿತ್ತು. ಪಕ್ಕದಲ್ಲಿ ಪೆದ್ದಪ್ಪನವರ ಮಿಷನ್ನು ಖಾಲಿ. ಹಾಸಿಗೆಯ ಮೇಲೆ ಹೊಸ ಬಟ್ಟೆ ಹಾಸಿದ್ದರು. ಹೊರಗೆ ಬೆಂಚಿನ ಮೇಲೆ ನಾಲ್ಕು ಜನ ಕಾಯುತ್ತಿದ್ದರು, ಆದರೂ ಮಿಷನ್ನು ಖಾಲಿ. ಭಾರತಮ್ಮ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವತ್ತಿನಿಂದ ಸೊಸೆಯ ಜೊತೆ ಅವಳೇ ಬರುತ್ತಿದ್ದಳಂತೆ, ಕಾವಲಿಗೆ.

ನಾನು ಹೋಗಿ ಆ ಹೊಸ ಬಟ್ಟೆಯ ಮೇಲೆ ಕೂತೆ.

"ಏಯ್, ಏಳೇ ಮೇಲೆ" ಅಂದಳು ಭಾರತಮ್ಮ.

"ಏಳಲ್ಲ."

"ಏನಂದೆ?"

"ಏಳಲ್ಲ ಅಂದೆ. ಕಿವಿ ಕೇಳ್ಸುತ್ತಲ್ಲ ಅಮ್ಮೋರೆ. ಸಿಸ್ಟರ್, ಬಾಮ್ಮ, ಹಾಕು ನನಗೆ. ಉಸಿರು ಬರ್ತಾ ಇಲ್ಲ."

ಶೋಭಾರಾಣಿ ಚಂದ್ರಮೋಹನ್ ಮುಖ ನೋಡಿದಳು. ಚಂದ್ರಮೋಹನ್ ಭಾರತಮ್ಮನ ಮುಖ ನೋಡಿದ. ನನ್ನ ಮುಖ ಯಾರೂ ನೋಡಲಿಲ್ಲ. "ಮುನಿಯಲ್ಲಮ್ಮ, ಇದು ನಿಮ್ಮ ಶಿಫ್ಟ್ ಅಲ್ಲ, ಗಲಾಟೆ ಮಾಡ್ಬೇಡಿ" ಅಂದ ಅವನು.

ರಜನಿ ತಿರುಗಿದಳು.

"ಅಕ್ಕನಿಗೆ ಹಾಕಿ" ಅಂದಳು.

"ನೀನು ಸುಮ್ನಿರು" ಅಂದಳು ಅತ್ತೆ.

"ಅಕ್ಕನಿಗೆ ಹಾಕಿ. ಇಲ್ಲಾಂದ್ರೆ ನಂದು ಕಿತ್ತಾಕ್ತೀನಿ." ಅವಳ ಬಲಗೈ ಎಡಗೈಯ ಸೂಜಿಯ ಮೇಲಿತ್ತು. ಪಟ್ಟಿಯ ತುದಿ ಆಗಲೇ ಎದ್ದಿತ್ತು. ಆ ಸೂಜಿ ಕಿತ್ತರೆ ರಕ್ತ ಚಿಮ್ಮುತ್ತದೆ. ನಮಗೆಲ್ಲ ಗೊತ್ತು. ಮೊದಲ ದಿನವೇ ಹೇಳಿರುತ್ತಾರೆ.

ಶೋಭಾರಾಣಿ, "ಮೇಡಂ, ಬೇಡ ಬೇಡ" ಅಂತ ಕೂಗಿದಳು.

ಆಗ ಭಾರತಮ್ಮ ಹೇಳಿದಳು. ಕೂಗಿ ಹೇಳಲಿಲ್ಲ. ತರಕಾರಿಯವನ ಹತ್ತಿರ ಚೌಕಾಸಿ ಮುಗಿಸುವ ಹಾಗೆ ಹೇಳಿದಳು. "ಕಿತ್ಕೊಳ್ಲಿ ಬಿಡಿ. ಎಷ್ಟು ದಿನ ಅಂತ ನಾವೂ ಹೊತ್ಕೊಂಡು ತಿರುಗೋದು."

ಎಲ್ಲರಿಗೂ ಕೇಳಿಸಿತು. ಆಚೆ ಮಂಚದ ವೆಂಕಟರಮಣಪ್ಪ ಅನ್ನುವ ರಿಟೈರಾದ ಮೇಷ್ಟ್ರು ಫ್ಯಾನು ನೋಡುತ್ತಾ ಮಲಗಿದ. ಅವನ ಹೆಂಡತಿ ಅವನ ಕಾಲು ಒತ್ತುವುದನ್ನು ನಿಲ್ಲಿಸಲಿಲ್ಲ. ರಜನಿಯ ಮುಖ ನೋಡಿದೆ. ಹೆದರಿಸಲು ಎತ್ತಿದ ಕೈ ಅದು. ಈಗ ಅದು ನಿಜವಾಗಿಯೂ ಕೀಳುವ ಕೈಯಾಯಿತು. ನನ್ನ ಕಣ್ಣ ಮುಂದೆಯೇ ಆಯಿತು.

ನಾನು ಹೇಗೆ ಎದ್ದೆನೋ. ಅವಳ ಕೈಯ ಮೇಲೆ ನನ್ನ ಕೈ ಇಟ್ಟು ಒತ್ತಿ ಹಿಡಿದೆ. ಸೂಜಿ, ಅವಳ ಬೆರಳು, ನನ್ನ ಬೆರಳು. ಅಡಿಯಲ್ಲಿ ಅವಳ ನರ ಹೊಡೆದುಕೊಳ್ಳುತ್ತಿತ್ತು.

"ಬಿಡು ಅಕ್ಕಾ."

"ಬಿಡಲ್ಲ. ಅವರು ಕಾಯ್ತಾ ಇರೋದೇ ಇದಕ್ಕೆ ಕಣೇ. ನಿನ್ನ ಕೈಯಾರೆ ನೀನ್ಯಾಕೆ ಕೊಡ್ತೀಯ? ಸಾಯ್ಬೇಕಾದ್ರೆ ಕಾಯಿಲೆ ಬಂದು ಸಾಯಿ. ಇವಳಿಗೆ ಅನುಕೂಲ ಆಗ್ಲಿ ಅಂತ ಸಾಯ್ಬೇಡ."

ಅವಳಿಗೆ ನಾನು "ನೀನು" ಅಂದಿದ್ದೆ. ಯಾರಿಗೂ ಅದು ಕೇಳಿಸಲಿಲ್ಲ ಅಂತ ಕಾಣುತ್ತದೆ.

"ಮುಟ್ಟಬೇಡ್ವೇ ನಮ್ಮ ಹುಡುಗೀನ!" ಭಾರತಮ್ಮ ಎದ್ದು ನಿಂತಳು.

"ನಿಮ್ಮ ಹುಡುಗಿನಾ?" ಅಂದೆ. ಉಸಿರು ಎಳೆದುಕೊಂಡು ಎಳೆದುಕೊಂಡು ಹೇಳಿದೆ. "ಈಗ ತಾನೇ ಕಿತ್ಕೊಳ್ಲಿ ಬಿಡಿ ಅಂದ್ರಿ. ಬಿಟ್ರಲ್ಲ. ಬಿಟ್ಟಿದ್ದನ್ನ ನಾನು ಎತ್ಕೊಂಡೆ. ಬಿದ್ದಿದ್ದನ್ನ ಎತ್ಕೊಂಡ್ರೆ ಈಗಲೂ ಮರಕ್ಕೆ ಕಟ್ತೀರಾ? ಕಟ್ಟಿ."

ನನಗೆ ಕಣ್ಣು ಕತ್ತಲಿಟ್ಟಿತು. ಶೋಭಾರಾಣಿ ಬಂದು ನನ್ನನ್ನು ಹಿಡಿದಳು. ರಜನಿಯ ಪಟ್ಟಿ ಒತ್ತಿ ಅಂಟಿಸಿದಳು. ಆಮೇಲೆ ಚಂದ್ರಮೋಹನನ ಕಡೆ ನೋಡದೆ ನನ್ನನ್ನು ಮಲಗಿಸಿ ಕೈಗೆ ಸೂಜಿ ಚುಚ್ಚಿದಳು. "ಸಿಸ್ಟರ್, ನಾಳೆ ನಿಮಗೆ ಮೆಮೋ ಬರುತ್ತೆ" ಅಂದ ಅವನು. "ಬರ್ಲಿ ಸಾರ್" ಅಂದಳು. ಎರಡು ಸಲ ತಪ್ಪಾಗಿ ಚುಚ್ಚಿದಳು.

ಭಾರತಮ್ಮ ಬ್ಯಾಗು ಎತ್ತಿಕೊಂಡಳು. "ಇವಳ ಪಕ್ಕ ಮಲಗಿ ಎದ್ದು ನಮ್ಮನೆಗೆ ಬಂದ್ಯೋ ನೋಡು" ಅಂತ ಸೊಸೆಗೆ ಹೇಳಿ ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಕಾರು ಹೊರಟ ಸದ್ದು ಕೇಳಿಸಿತು. ನಂದೀಶ್ ಒಳಗೆ ಬಂದು ಏನಾಯಿತು ಅಂತಲೂ ಕೇಳಲಿಲ್ಲ.

ನನ್ನ ಎದೆಯ ಭಾರ ಸ್ವಲ್ಪ ಸ್ವಲ್ಪ ಇಳಿಯಿತು. ರಜನಿ ಅಳುತ್ತಿರಲಿಲ್ಲ. ಅದೇ ನನಗೆ ಹೆದರಿಕೆಯಾಗಿತ್ತು.

"ಅಕ್ಕಾ, ಈಗ ನಾನು ಎಲ್ಲಿಗೆ ಹೋಗ್ಲಿ?"

ನನ್ನ ಮನೆಗೆ ಬಾ ಅನ್ನಬಹುದಿತ್ತು. ಅವಳು ಬರುತ್ತಾಳೋ ಇಲ್ಲವೋ, ಬಂದರೆ ನಮ್ಮ ಬೀದಿಗೆ ಅವಳ ಕಡೆಯವರು ದೊಣ್ಣೆ ಹಿಡಿದು ಬರುತ್ತಾರೋ, ಬೈರಕೂರಿನವರು ಬಾಗಿಲು ತೆಗೆಯುತ್ತಾರೋ ಇಲ್ಲವೋ. ನನಗೆ ಒಂದೂ ಗೊತ್ತಿರಲಿಲ್ಲ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಎಲ್ಲಿಗಾದ್ರೂ ಹೋಗು" ಅಂದೆ. "ಶುಕ್ರವಾರ ಇಲ್ಲಿಗೆ ಬಾ."

"ಆಮೇಲೆ?"

"ಆಮೇಲೆ ಮಂಗಳವಾರ."